ಕೆಲಸ ಖಾಯಮ್ಮಾ? ಅಭದ್ರ ದುಡಿಮೆ ಮತ್ತು ದುಡಿಯುವವರ ಮನಸ್ಸು

ಹೆಣ್ಣು ಕೊಡುವ ಮನೆಯವರು ಗಂಡಿನ ಬಗ್ಗೆ ವಿಚಾರಿಸುವಾಗ ಸಂಬಳಕ್ಕೂ ಮೊದಲು ಕೇಳುತ್ತಿದ್ದ ಮಾತೊಂದಿತ್ತು: 'ಕೆಲಸ ಖಾಯಮ್ಮಾ?' ಬೆಂಗಳೂರಿನ ರಾಜಾಜಿನಗರ, ವಿಜಯನಗರದ ಎಷ್ಟೋ ಹಳೆಯ ಮನೆಗಳು ಆ ಪ್ರಶ್ನೆಗೆ ಸಿಕ್ಕ 'ಹೌದು' ಎಂಬ ಉತ್ತರದ ಮೇಲೆಯೇ ಎದ್ದವು. ಬಿನ್ನಿ ಮಿಲ್ಲು, ಕಿರ್ಲೋಸ್ಕರ್, ಸೋಪ್ ಫ್ಯಾಕ್ಟರಿ, ಮೈಸೂರು ರಸ್ತೆಯ ಬಿಎಚ್‌ಇಎಲ್, ರಾಜಾಜಿನಗರ ಕೈಗಾರಿಕಾ ಎಸ್ಟೇಟಿನ ಕಾರ್ಖಾನೆಗಳು ಸಂಬಳದ ಜೊತೆಗೆ ಧೈರ್ಯವನ್ನೂ ಕೊಟ್ಟವು. ಸೊಸೈಟಿಯಲ್ಲಿ ಸಾಲ ತೆಗೆದು ಸೈಟು ಕೊಂಡವರಿಗೆ ಹತ್ತು ವರ್ಷದ ಆಚೆಗೂ ಕಂತು ಕಟ್ಟಬಲ್ಲೆ ಎಂಬ ನಂಬಿಕೆಯಿತ್ತು.

ಈಗ ಬಿನ್ನಿ ಮಿಲ್ಲು ಇದ್ದ ಜಾಗದಲ್ಲಿ ಮಾಲು, ಅಪಾರ್ಟ್‌ಮೆಂಟುಗಳಿವೆ. ಕಿರ್ಲೋಸ್ಕರ್ ಇದ್ದಲ್ಲಿ ಓರಾಯನ್ ಮಾಲ್ ಇದೆ. ದುಡಿಮೆ ಊರಿನಿಂದ ಹೋಗಿಲ್ಲ. ಕಾಮಾಕ್ಷಿಪಾಳ್ಯದ ಲೇತ್ ಶೆಡ್ಡುಗಳಿಂದ ಕೆಂಗೇರಿ ಆಚೆಯ ಗಾರ್ಮೆಂಟ್ಸ್‌ವರೆಗೆ ಬೆಳಿಗ್ಗೆ ಎಂಟು ಗಂಟೆಗೆ ರಸ್ತೆಗಳು ತುಂಬಿಯೇ ಇರುತ್ತವೆ. ಮೇಲಿನ ಪ್ರಶ್ನೆಗೆ 'ಹೌದು' ಎನ್ನಬಲ್ಲವರು ಮಾತ್ರ ಕಡಿಮೆಯಾಗಿದ್ದಾರೆ. ಇದರಿಂದ ಜೇಬಿಗಾದ ನಷ್ಟದ ಲೆಕ್ಕ ಹಾಕಿದವರು ಬೇಕಾದಷ್ಟು ಜನ. ಮನಸ್ಸಿಗೆ ಏನಾಯಿತು, ಹೆಂಗಸರಿಗೂ ಗಂಡಸರಿಗೂ ಆದದ್ದು ಒಂದೇ ಬಗೆಯ ಪೆಟ್ಟೇ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಯಾವುದು ಅಭದ್ರ ಕೆಲಸ?

ಕೇಂದ್ರ ಸರ್ಕಾರದ ವಾರ್ಷಿಕ ಕೈಗಾರಿಕಾ ಸಮೀಕ್ಷೆಯ ಪ್ರಕಾರ ನೋಂದಾಯಿತ ಕಾರ್ಖಾನೆಗಳ ಕಾರ್ಮಿಕರಲ್ಲಿ ಶೇ 40ಕ್ಕೂ ಹೆಚ್ಚು ಮಂದಿ ಈಗ ಗುತ್ತಿಗೆಯವರು. ತಿಂಗಳ ಸಂಬಳದ ನೌಕರಿಯಲ್ಲಿರುವವರಲ್ಲೂ ಅರ್ಧಕ್ಕಿಂತ ಹೆಚ್ಚು ಜನರ ಕೈಯಲ್ಲಿ ಲಿಖಿತ ಕರಾರು ಇಲ್ಲವೆಂದು ಕಾರ್ಮಿಕ ಬಲ ಸಮೀಕ್ಷೆ ಹೇಳುತ್ತದೆ. ಆ್ಯಪ್ ನಂಬಿ ದುಡಿಯುವವರು 2020-21ರಲ್ಲಿ ದೇಶದಲ್ಲಿ 77 ಲಕ್ಷ ಇದ್ದರು, 2029-30ರ ವೇಳೆಗೆ 2.35 ಕೋಟಿ ಆಗಬಹುದು ಎಂಬುದು ನೀತಿ ಆಯೋಗದ 2022ರ ಅಂದಾಜು.

ಆದರೆ ಅಭದ್ರತೆ ಕಾಗದದ ಮೇಲಿನ ಸ್ಥಿತಿ ಮಾತ್ರವಲ್ಲ. ಅದು ಒಳಗಿನ ಅನಿಸಿಕೆಯೂ ಹೌದು. ಗುತ್ತಿಗೆಯಲ್ಲಿದ್ದೂ ನಿಶ್ಚಿಂತೆಯಿಂದ ಇರುವ ನುರಿತ ಫಿಟ್ಟರ್ ಇದ್ದಾನೆ. ಖಾಯಂ ಆಗಿದ್ದೂ ನಿದ್ದೆಗೆಟ್ಟವರಿದ್ದಾರೆ. 2021ರ ಏಪ್ರಿಲ್‌ನ ಸಾರಿಗೆ ಮುಷ್ಕರದಲ್ಲಿ ನೌಕರರನ್ನು ಸಾಲುಸಾಲಾಗಿ ವಜಾ, ಅಮಾನತು, ವರ್ಗಾವಣೆ ಮಾಡಿದಾಗ, ಸರ್ಕಾರಿ ಕೆಲಸವೆಂದು ನಂಬಿದ್ದ ಚಾಲಕ, ನಿರ್ವಾಹಕರ ಮನೆಗಳಲ್ಲಿ ಆ ನಂಬಿಕೆ ಒಂದೇ ವಾರದಲ್ಲಿ ಅಲುಗಾಡಿತು. ಆದ್ದರಿಂದ ಕರಾರಿನ ಬಗೆಯನ್ನೂ 'ನಾಳೆ ಕೆಲಸ ಇರುತ್ತದೋ ಇಲ್ಲವೋ' ಎಂಬ ಭಯವನ್ನೂ ಬೇರೆಬೇರೆಯಾಗಿಯೇ ಅಳೆಯಬೇಕು ಎಂದು ಸಂಶೋಧಕರು ಹೇಳುತ್ತಾರೆ.

ಹೊರಗಿನ ಅಧ್ಯಯನಗಳು ಕಂಡದ್ದು

ಈ ವಿಷಯದ ಅಧ್ಯಯನ ಶುರುವಾದದ್ದು ಕೆಲಸ ಹೋದವರಿಂದ. 1930ರ ದಶಕದ ಆರಂಭದಲ್ಲಿ ಆಸ್ಟ್ರಿಯಾದ ಮರಿಯೆಂಥಾಲ್ ಎಂಬ ಊರಿನ ಜವಳಿ ಕಾರ್ಖಾನೆ ಮುಚ್ಚಿತು. ಮರಿ ಯಹೋಡಾ ಮತ್ತು ಸಂಗಡಿಗರು ಅಲ್ಲಿ ಹೋಗಿ ನೋಡಿದರು. ಕೆಲಸ ಹೋದ ಮೇಲೆ ಕೈತುಂಬ ಬಿಡುವಿದ್ದರೂ ಜನ ಓದುವುದನ್ನು ಬಿಟ್ಟಿದ್ದರು, ಗಂಡಸರ ನಡಿಗೆ ನಿಧಾನವಾಗಿತ್ತು. ಹೆಂಗಸರು ಮನೆಗೆಲಸದಿಂದಾಗಿ ಚುರುಕಾಗಿಯೇ ಓಡಾಡುತ್ತಿದ್ದರು. ಕೆಲಸವು ಕೂಲಿಯೊಂದನ್ನೇ ಅಲ್ಲ, ದಿನಕ್ಕೊಂದು ಕ್ರಮ, ನಾಲ್ಕು ಜನರ ಒಡನಾಟ, ತಾನೂ ಬೇಕಾದವನು ಎಂಬ ಭಾವವನ್ನೂ ಕೊಡುತ್ತದೆ ಎಂದು ಯಹೋಡಾ ಮುಂದೆ ವಾದಿಸಿದರು.

ಕೆಲಸ ಹೋಗುವ ಮೊದಲಿನ ಭಯದ ಕಡೆಗೆ ಗಮನ ಹರಿದದ್ದು 1980ರ ದಶಕದಲ್ಲಿ. ಲಂಡನ್ನಿನ ಸರ್ಕಾರಿ ನೌಕರರ ಆರೋಗ್ಯವನ್ನು 1985ರಿಂದ ಗಮನಿಸುತ್ತ ಬಂದ ವೈಟ್‌ಹಾಲ್ ಅಧ್ಯಯನದ ನಡುವೆಯೇ ಒಂದು ಇಲಾಖೆಯನ್ನು ಖಾಸಗಿಗೆ ಕೊಡುವ ಸುದ್ದಿ ಹಬ್ಬಿತು. ಒಬ್ಬರ ಕೆಲಸವೂ ಹೋಗುವ ಮುನ್ನವೇ, ಬರೀ ಸುದ್ದಿಗೇ ಅಲ್ಲಿಯವರ ಆರೋಗ್ಯ ಹದಗೆಡತೊಡಗಿತ್ತು. ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದ ವಿಶ್ಲೇಷಣೆಗಳು ಮುಟ್ಟಿದ ತೀರ್ಮಾನ ಹೀಗಿದೆ: ಖಿನ್ನತೆಯ ಮಟ್ಟಿಗೆ ಕೆಲಸ ಹೋಗುವ ಭಯವು ಕೆಲಸ ಹೋಗುವುದಕ್ಕಿಂತ ಕಡಿಮೆ ಅಪಾಯದ್ದೇನಲ್ಲ.

ಕಾರಣ ತಿಳಿಯುವುದು ಕಷ್ಟವಲ್ಲ. ಕೆಲಸ ಹೋದರೆ ಅಳುವುದಕ್ಕೂ ಬೇರೆ ದಾರಿ ಹುಡುಕುವುದಕ್ಕೂ ಒಂದು ಹೊತ್ತು ಇರುತ್ತದೆ. 'ಹೋಗಬಹುದು' ಎಂಬ ಸ್ಥಿತಿಯಲ್ಲಿ ಎರಡಕ್ಕೂ ಎಡೆಯಿಲ್ಲ. ಮಗುವನ್ನು ಯಾವ ಶಾಲೆಗೆ ಸೇರಿಸುವುದು, ಮನೆಯ ಅಡ್ವಾನ್ಸ್‌ಗೆ ಸಾಲ ಮಾಡುವುದೋ ಬೇಡವೋ, ಎಲ್ಲ ತೀರ್ಮಾನವೂ ತೂಗುಯ್ಯಾಲೆಯಲ್ಲಿ ಕೂತಿರುತ್ತದೆ. ಜರ್ಮನಿಯ ಯೋಹಾನೆಸ್ ಸೀಗ್‌ರಿಸ್ಟ್ 1996ರಲ್ಲಿ ಮಂಡಿಸಿದ ಸಿದ್ಧಾಂತವೂ ಇದೇ ಜಾಡಿನದು: ಹಾಕಿದ ಶ್ರಮಕ್ಕೆ ತಕ್ಕ ಕೂಲಿ, ಗೌರವ, ಭದ್ರತೆ ಸಿಗದಿದ್ದರೆ ದೇಹ ಮನಸ್ಸು ಎರಡೂ ಸವೆಯುತ್ತವೆ.

ಒಂದು ಎಚ್ಚರಿಕೆ ಬೇಕು. ಮೊದಲೇ ಮನಸ್ಸಿನ ತೊಂದರೆ ಇದ್ದವರಿಗೆ ಒಳ್ಳೆಯ ಕೆಲಸ ಸಿಗುವುದು ಕಷ್ಟ, ಸಿಕ್ಕರೂ ಉಳಿಯುವುದು ಕಷ್ಟ. ಹಾಗಾಗಿ ಕಾರಣ ಯಾವುದು, ಪರಿಣಾಮ ಯಾವುದು ಎಂದು ಒಮ್ಮೆ ಮಾತ್ರ ನಡೆಸಿದ ಸಮೀಕ್ಷೆ ಹೇಳಲಾರದು. ಅದೇ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳು ಎರಡೂ ದಿಕ್ಕಿನಲ್ಲಿ ಸಂಬಂಧ ಕಂಡಿವೆ. ಅಭದ್ರತೆಯ ಪಾಲು ಮಾತ್ರ ಅಲ್ಲಿಯೂ ಅಳಿಸಿಹೋಗಿಲ್ಲ.

ಮೈಸೂರು ರಸ್ತೆಯ ಹೊಲಿಗೆ ಸಾಲುಗಳು

ನಮ್ಮಲ್ಲಿ ಈ ಪ್ರಶ್ನೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಗಾರ್ಮೆಂಟ್ಸ್‌ನಲ್ಲಿ. ಮೈಸೂರು ರಸ್ತೆ, ಪೀಣ್ಯ, ತುಮಕೂರು ರಸ್ತೆಯ ಫ್ಯಾಕ್ಟರಿಗಳಲ್ಲಿ ಹೊಲಿಯುವವರು ಬಹುಪಾಲು ಹೆಂಗಸರು. ಲೈನಿನ ತುದಿಯಲ್ಲೊಂದು ಬೋರ್ಡು. ಗಂಟೆಗೊಮ್ಮೆ ಎಷ್ಟು ಪೀಸ್ ಆಗಬೇಕಿತ್ತು, ಎಷ್ಟಾಯಿತು ಎಂದು ಅದರ ಮೇಲೆ ಬರೆಯುತ್ತಾರೆ. ಟಾರ್ಗೆಟ್ ತಪ್ಪಿದರೆ ಸೂಪರ್‌ವೈಸರ್ ಬಾಯಿಗೆ ಬಂದಂತೆ ಬೈಯುತ್ತಾನೆ. ಅವನಿಗೆ ಫ್ಲೋರ್ ಇನ್‌ಚಾರ್ಜ್ ಬೈದಿರುತ್ತಾನೆ. ಬೈಗುಳಕ್ಕಿಂತ ಹೆಚ್ಚು ನಾಟುವುದು 'ನಾಳೆಯಿಂದ ಬರಬೇಡ' ಎಂಬ ಮಾತು. ಬಾತ್‌ರೂಮಿಗೆ ಹೋದರೆ ಪೀಸ್ ತುಂಬಿಕೊಳ್ಳುತ್ತವೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿಕೊಳ್ಳುವವರಿದ್ದಾರೆ.

ಕಾಗದದ ಮೇಲೆ ಇವರಲ್ಲಿ ಅನೇಕರು ಗುತ್ತಿಗೆಯವರಲ್ಲ. ಪಿಎಫ್, ಇಎಸ್‌ಐ ಎರಡೂ ಇರುತ್ತವೆ. ಆದರೂ ಕೆಲಸ ಭದ್ರವಲ್ಲ. ಗ್ರಾಚ್ಯುಟಿಗೆ ಐದು ವರ್ಷದ ಸೇವೆ ಬೇಕು. ಅದು ತುಂಬುವ ಮೊದಲೇ ಮಕ್ಕಳ ಫೀಸಿಗೋ ಮದುವೆಗೋ ಪಿಎಫ್ ತೆಗೆಯಲು ರಾಜೀನಾಮೆ ಕೊಟ್ಟು, ಪಕ್ಕದ ಫ್ಯಾಕ್ಟರಿಯಲ್ಲಿ ಹೊಸಬರಂತೆ ಸೇರಿಕೊಳ್ಳುವುದು ಇಲ್ಲಿ ಮಾಮೂಲು. ಈ ಪಿಎಫ್ ಹಣ ಅವರಿಗೆ ಮುಪ್ಪಿನ ಆಸರೆ ಅಲ್ಲ, ಕೆಲಸ ಹೋದಾಗಿನ ಊರುಗೋಲು. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿದಾಗ ನಡೆದದ್ದು ಇದನ್ನೇ ತೋರಿಸಿತು. ಆ ವರ್ಷ ಏಪ್ರಿಲ್ 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು, ಯಾವ ದೊಡ್ಡ ನಾಯಕರ ಕರೆಯೂ ಇಲ್ಲದೆ, ಬೆಂಗಳೂರಿನ ಹೆದ್ದಾರಿಗಳಿಗೆ ಇಳಿದರು. ಸರ್ಕಾರ ಎರಡನೆಯ ದಿನವೇ ನಿಯಮ ಹಿಂತೆಗೆದುಕೊಂಡಿತು. 'ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಸಿಟ್ಟೇ?' ಎಂದು ಊರು ಬೆರಗಾಯಿತು. 58ರವರೆಗೆ ಯಾರೂ ತಮ್ಮನ್ನು ಕೆಲಸದಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

2020ರಲ್ಲಿ ಕೊರೊನಾ ಬಂದು ಆರ್ಡರ್‌ಗಳು ನಿಂತವು. ಜೂನ್ ತಿಂಗಳಲ್ಲಿ ಶ್ರೀರಂಗಪಟ್ಟಣದ ಗಾರ್ಮೆಂಟ್ಸ್ ಘಟಕವೊಂದು ಬಾಗಿಲು ಹಾಕಿ ಸಾವಿರಕ್ಕೂ ಹೆಚ್ಚು ಮಂದಿ ಬೀದಿಗೆ ಬಿದ್ದರು. ಅವರು ಗೇಟಿನ ಮುಂದೆ ವಾರಗಟ್ಟಲೆ ಕೂತರು, ಸಂಘಟನೆ ಕೈಬಿಡಲಿಲ್ಲ, ಮರುವರ್ಷ ಮರುನೇಮಕದ ಒಪ್ಪಂದವಾಯಿತು. 2020ರ ಜುಲೈನಲ್ಲಿ ರಾಜ್ಯ ಸರ್ಕಾರ ತಿಂಗಳಿಗೆ 417 ರೂಪಾಯಿ 60 ಪೈಸೆಯ ತುಟ್ಟಿಭತ್ಯೆಯನ್ನು ಮುಂದೂಡಿತ್ತು. ಅದಕ್ಕೆ ಹೈಕೋರ್ಟು ತಡೆ ಕೊಡಬೇಕಾಯಿತು. 2025ರ ಆಗಸ್ಟ್ 27ರಂದು ಅಮೆರಿಕವು ಭಾರತದ ಸರಕಿಗೆ ಶೇ 50ರ ಸುಂಕ ಹೇರಿದಾಗ ಮತ್ತೆ ಅದೇ ಆತಂಕ. ವಾಷಿಂಗ್ಟನ್ನಿನಲ್ಲಿ ಹಾಕಿದ ಸಹಿಗೆ ಕೆಂಗೇರಿಯ ಬಾಡಿಗೆ ಮನೆಯಲ್ಲಿ ನಿದ್ದೆ ಕೆಡುತ್ತದೆ.

ಪೊರಕೆ, ಬೈಕು, ಲ್ಯಾಪ್‌ಟಾಪು

ಬೀದಿ ಗುಡಿಸುವ ಪೌರಕಾರ್ಮಿಕರದು ಇನ್ನೊಂದು ಕಥೆ, ಅದಕ್ಕೊಂದು ಪಾಠವೂ ಇದೆ. ಗುತ್ತಿಗೆದಾರರ ಕೈಯಿಂದ ಬಿಡಿಸಿ ಪಾಲಿಕೆಯೇ ನೇರವಾಗಿ ಸಂಬಳ ಕೊಡುವ ಪದ್ಧತಿ ಬಂದ ಹೊಸತರಲ್ಲಿ ಪಟ್ಟಿ, ಹಾಜರಾತಿಗಳ ಗೊಂದಲದಲ್ಲಿ ಅನೇಕರ ಸಂಬಳ ತಿಂಗಳುಗಟ್ಟಲೆ ನಿಂತಿತು. 2018ರ ಜುಲೈನಲ್ಲಿ ಹಾಗೆ ಸಂಬಳ ಕಾಣದ ಒಬ್ಬರು ಪ್ರಾಣ ಕಳೆದುಕೊಂಡರು. ಆಮೇಲೆ ಕಡತಗಳು ಓಡಾಡಿದವು. 2022ರ ಜುಲೈ ಮುಷ್ಕರದ ನಂತರ ಖಾಯಂ ಮಾಡುವ ಭರವಸೆ ಸಿಕ್ಕಿತು. 2025ರ ಮೇ ದಿನದಂದು 12 ಸಾವಿರಕ್ಕೂ ಹೆಚ್ಚು ಮಂದಿಗೆ ನೇಮಕಾತಿ ಪತ್ರ ಕೈಸೇರಿತು. ಇವರಲ್ಲಿ ಹೆಚ್ಚಿನವರು ದಲಿತ ಮಹಿಳೆಯರು. ಅಭದ್ರತೆಯನ್ನು ಸರ್ಕಾರ ಬಯಸಿದರೆ ಕೊನೆಗಾಣಿಸಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಕಸದ ಆಟೊ ಓಡಿಸುವವರು, ಲೋಡರ್‌ಗಳ ಬೇಡಿಕೆ ಇನ್ನೂ ಬಾಕಿ ಇದ್ದೇ ಇತ್ತು.

ಸರ್ಕಾರವೇ ದೊಡ್ಡ ಗುತ್ತಿಗೆದಾರ ಎಂಬುದು ಕರ್ನಾಟಕಕ್ಕೆ ಹಳೆಯ ಸಂಗತಿ. ದಿನಗೂಲಿ ನೌಕರರನ್ನು ಖಾಯಂ ಮಾಡುವುದು ಹಕ್ಕಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2006ರ ಏಪ್ರಿಲ್‌ನಲ್ಲಿ ಕೊಟ್ಟ ಉಮಾದೇವಿ ತೀರ್ಪಿನ ಮೂಲ ನಮ್ಮದೇ ವಾಣಿಜ್ಯ ತೆರಿಗೆ ಇಲಾಖೆ. ಹಿಂಬಾಗಿಲ ನೇಮಕ ತಡೆಯಲು ಬಂದ ತೀರ್ಪು ಹತ್ತಿಪ್ಪತ್ತು ವರ್ಷ ದುಡಿದವರನ್ನು ಹೊರಗಿಡುವ ನೆಪವಾಯಿತು. ಹಾಗೆ ಅದನ್ನು ಬಳಸಕೂಡದು ಎಂದು ಅದೇ ನ್ಯಾಯಾಲಯ 2024ರ ಡಿಸೆಂಬರ್‌ನ ಜಗ್ಗೊ ಪ್ರಕರಣದಲ್ಲಿ ಹೇಳಬೇಕಾಯಿತು. ಅತಿಥಿ ಉಪನ್ಯಾಸಕರು ಈ ಅಂತರದಲ್ಲಿ ಸಿಕ್ಕಿಕೊಂಡವರು. ಪ್ರತಿ ವರ್ಷ ಕೌನ್ಸೆಲಿಂಗ್, ಪ್ರತಿ ವರ್ಷ ಹೊಸ ಆದೇಶ. 2024ರ ಜನವರಿಯಲ್ಲಿ ಅವರು ತುಮಕೂರಿನಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದದ್ದು ಸೇವಾ ಭದ್ರತೆಗಾಗಿಯೇ.

ಬಸವೇಶ್ವರನಗರದ ಹೋಟೆಲುಗಳ ಮುಂದೆ ಬೈಕ್ ನಿಲ್ಲಿಸಿ ಆರ್ಡರ್‌ಗೆ ಕಾಯುವ ಹುಡುಗರಿಗೆ ಮೇಸ್ತ್ರಿಯೇ ಇಲ್ಲ. ಇರುವುದು ರೇಟಿಂಗು. ಗಿರಾಕಿ ಕೊಟ್ಟ ಒಂದು ಚುಕ್ಕಿ ಕಡಿಮೆಯಾದರೆ ಐಡಿ ಬ್ಲಾಕ್ ಆಗಬಹುದು. ಕಾರಣ ಕೇಳಲು ಮನುಷ್ಯರೊಬ್ಬರು ಸಿಗುವುದು ಕಷ್ಟ. 2025ರಲ್ಲಿ ರಾಜ್ಯ ತಂದ ಗಿಗ್ ಕಾರ್ಮಿಕರ ಕಾನೂನು ಕಲ್ಯಾಣ ನಿಧಿಗೆ ಶೇ 1ರಿಂದ 5ರವರೆಗೆ ಶುಲ್ಕ ವಿಧಿಸುವುದರ ಜೊತೆಗೆ, ಕಾರಣ ತಿಳಿಸದೆ ಕೆಲಸದಿಂದ ತೆಗೆಯಬಾರದು ಎಂದೂ ಹೇಳುತ್ತದೆ. ಮನಸ್ಸಿನ ಆರೋಗ್ಯದ ದೃಷ್ಟಿಯಲ್ಲಿ ನಿಧಿಗಿಂತ ಈ ಎರಡನೆಯದೇ ಮುಖ್ಯ.

ಐಟಿಯವರ ಸಂಬಳ ದೊಡ್ಡದು, ಸಾಲವೂ ದೊಡ್ಡದು. 2025ರ ಜುಲೈನಲ್ಲಿ ಟಿಸಿಎಸ್ ಸುಮಾರು 12 ಸಾವಿರ ಮಂದಿಯನ್ನು, ಅಂದರೆ ತನ್ನ ನೌಕರರಲ್ಲಿ ನೂರಕ್ಕೆ ಇಬ್ಬರನ್ನು, ಕೈಬಿಡುವುದಾಗಿ ಹೇಳಿದಾಗ ಉಳಿದ ತೊಂಬತ್ತೆಂಟು ಮಂದಿಯೂ ತಮ್ಮ ಗೃಹಸಾಲದ ಕಂತಿನ ಲೆಕ್ಕ ಹಾಕಿದರು. ಅವರಿಗೆ ಉಳಿತಾಯವಿದೆ, ವಿಮೆಯಿದೆ, ಮನೋವೈದ್ಯರ ಬಳಿ ಹೋಗುವ ರೂಢಿಯೂ ಇದೆ. ಭಯದ ಜಾತಿ ಒಂದೇ ಆದರೂ ತಡೆದುಕೊಳ್ಳುವ ಶಕ್ತಿ ಒಂದೇ ಅಲ್ಲ.

ಹೆಣ್ಣಿಗೊಂದು, ಗಂಡಿಗೊಂದು

ಯಾರಿಗೆ ಪೆಟ್ಟು ಹೆಚ್ಚು ಎಂಬ ಪ್ರಶ್ನೆಗೆ ಅಧ್ಯಯನಗಳು ಒಂದೇ ಉತ್ತರ ಕೊಡುವುದಿಲ್ಲ. ನಿರುದ್ಯೋಗದ ಮಟ್ಟಿಗೆ, ಜರ್ಮನಿಯ ಪೌಲ್ ಮತ್ತು ಮೋಸರ್ 2009ರಲ್ಲಿ ನೂರಾರು ಅಧ್ಯಯನಗಳನ್ನು ಕಲೆಹಾಕಿ ನೋಡಿದಾಗ, ಕೆಲಸವಿಲ್ಲದವರಲ್ಲಿ ಶೇ 34 ಮಂದಿಗೆ, ಕೆಲಸವಿದ್ದವರಲ್ಲಿ ಶೇ 16 ಮಂದಿಗೆ ಮಾನಸಿಕ ತೊಂದರೆಗಳಿದ್ದವು. ಹೆಂಗಸರಿಗಿಂತ ಗಂಡಸರಿಗೆ, ಕಚೇರಿಯವರಿಗಿಂತ ಕೈಕೆಲಸದವರಿಗೆ ಹೊಡೆತ ಜಾಸ್ತಿ. ಅಭದ್ರತೆಯ ವಿಷಯದಲ್ಲಿ ಕೆಲವು ಅಧ್ಯಯನಗಳು ಗಂಡಸರಲ್ಲಿ, ಕೆಲವು ಹೆಂಗಸರಲ್ಲಿ ಹೆಚ್ಚು ಹಾನಿ ಕಂಡಿವೆ, ಕೆಲವಕ್ಕೆ ವ್ಯತ್ಯಾಸವೇ ಕಂಡಿಲ್ಲ.

ಈ ಗೊಂದಲಕ್ಕೆ ಕಾರಣ ಪ್ರಶ್ನೆಯಲ್ಲೇ ಇದೆ. 'ಎಷ್ಟು' ಎನ್ನುವುದಕ್ಕಿಂತ 'ಹೇಗೆ' ಎಂದು ಕೇಳಬೇಕು. ಗಂಡಸಿಗೆ ಮನೆ ನಡೆಸುವವನು ಎಂಬ ಪಟ್ಟವಿದೆ. ಕೆಲಸದ ಜೊತೆಗೆ ಆ ಪಟ್ಟವೂ ಅಲ್ಲಾಡುತ್ತದೆ. ಅವನು ಅದನ್ನು ಹೇಳಿಕೊಳ್ಳುವುದಿಲ್ಲ, ಕುಡಿಯುತ್ತಾನೆ, ಇಲ್ಲವೇ ಸಿಡುಕುತ್ತಾನೆ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇ 10.6 ಮಂದಿಗೆ ತೊಂದರೆ ಇತ್ತು. ಒಟ್ಟಿನಲ್ಲಿ ಗಂಡಸರ ಪಾಲು ಹೆಚ್ಚು, ಅದಕ್ಕೆ ಮುಖ್ಯ ಕಾರಣ ಮದ್ಯ ಮತ್ತಿತರ ಚಟಗಳು. ಖಿನ್ನತೆ, ಆತಂಕಗಳನ್ನು ಬೇರೆ ಮಾಡಿ ನೋಡಿದರೆ ಹೆಂಗಸರು ಮುಂದೆ.

ಹೆಂಗಸರ ಸಂಕಟ ಮೈಯಲ್ಲಿ ಮಾತಾಡುತ್ತದೆ. ಗಾರ್ಮೆಂಟ್ಸ್ ಹೆಂಗಸು ಡಾಕ್ಟರ ಮುಂದೆ 'ನನಗೆ ಖಿನ್ನತೆ' ಎನ್ನುವುದಿಲ್ಲ. 'ಸುಸ್ತು, ತಲೆನೋವು, ಎದೆ ಡವಡವ, ರಾತ್ರಿ ನಿದ್ದೆ ಬರಲ್ಲ, ಗ್ಯಾಸ್ಟ್ರಿಕ್ ಇರಬೇಕು' ಎನ್ನುತ್ತಾಳೆ. ಮಾತ್ರೆ ಸಿಗುತ್ತದೆ, ಕಾರಣ ಉಳಿಯುತ್ತದೆ. ಫ್ಯಾಕ್ಟರಿ ಬಿಟ್ಟ ಮೇಲೆ ಅವಳ ಎರಡನೆಯ ಪಾಳಿ ಶುರು. 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವವರಲ್ಲಿ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ ಕೊಡುತ್ತಿದ್ದರು. ಸ್ವಸಹಾಯ ಸಂಘದ ಸಾಲದ ವಾರದ ಕಂತು ಸಾಮಾನ್ಯವಾಗಿ ಅವಳ ಹೆಸರಿನಲ್ಲೇ. ಗಂಡನ ಕೆಲಸ ಹೋದರೂ ಕಂತಿಗೆ ಬಾಗಿಲಲ್ಲಿ ನಿಂತವರಿಗೆ ಉತ್ತರ ಹೇಳುವವಳು ಅವಳೇ. ಕಿರುಕುಳವಾದರೂ ದೂರು ಕೊಡಲು ಹಿಂಜರಿಕೆ, ಏಕೆಂದರೆ ಕೆಲಸದ ಕೀಲಿ ಕಿರುಕುಳ ಕೊಟ್ಟವನ ಕೈಯಲ್ಲೇ ಇರುತ್ತದೆ. ಬಸಿರಾದರೆ ಗುತ್ತಿಗೆ ನವೀಕರಣವಾಗುತ್ತದೋ ಇಲ್ಲವೋ ಎಂಬ ಭಯ ಗಂಡಸಿಗಂತೂ ಇಲ್ಲ.

ಲೆಕ್ಕ ಇಡುವ ಕ್ರಮವೂ ಹೆಣ್ಣನ್ನು ಮರೆಸುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತವರು 1,70,924 ಮಂದಿ. ಅವರಲ್ಲಿ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ದಿನಗೂಲಿಗಳು, ಅದರಲ್ಲೂ ಬಹುಪಾಲು ಗಂಡಸರು. ಹೆಂಗಸರಲ್ಲಿ ಅರ್ಧದಷ್ಟು 'ಗೃಹಿಣಿ' ಎಂಬ ಕಲಮಿನಲ್ಲಿದ್ದಾರೆ. ಬಾಪೂಜಿನಗರದ ಕಡೆ ಮನೆಯಲ್ಲೇ ಕೂತು ಸಾವಿರಕ್ಕಿಷ್ಟು ಎಂಬ ಲೆಕ್ಕದಲ್ಲಿ ಅಗರಬತ್ತಿ ಹೊಸೆಯುವವಳು ಯಾವ ಕಲಮಿಗೆ ಸೇರುತ್ತಾಳೆ? ಅವಳ ದುಡಿಮೆಯೇ ದಾಖಲಾಗದಿದ್ದರೆ ಅವಳ ಅಭದ್ರತೆ ದಾಖಲಾಗುವುದೆಲ್ಲಿ?

ನೆರವು ಎಲ್ಲಿದೆ, ಎಲ್ಲಿ ತಪ್ಪುತ್ತದೆ

ಬೆಂಗಳೂರಿನ ಪಶ್ಚಿಮ ಭಾಗದ ಕಾರ್ಮಿಕರಿಗೆ ದೊಡ್ಡ ಆಸರೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಇಎಸ್‌ಐಗೆ ಸೇರುತ್ತಾರೆ. ಕಾಯಿಲೆಯಾಗಿ ರಜೆ ಹಾಕಿದರೆ ಸಂಬಳದ ಶೇ 70ರಷ್ಟು ವರ್ಷಕ್ಕೆ 91 ದಿನ ಸಿಗುತ್ತದೆ. ತೀವ್ರ ಮಾನಸಿಕ ಕಾಯಿಲೆಗಳು ದೀರ್ಘಾವಧಿ ಕಾಯಿಲೆಗಳ ಪಟ್ಟಿಯಲ್ಲಿವೆ. ಅವಕ್ಕೆ ಶೇ 80ರ ದರದಲ್ಲಿ ಎರಡು ವರ್ಷದವರೆಗೂ ಭತ್ಯೆ ಉಂಟು. ಕಾಗದದ ಮೇಲೆ ಒಳ್ಳೆಯ ವ್ಯವಸ್ಥೆ. ಷರತ್ತು ನೋಡಿ: ಮಾಮೂಲಿ ಭತ್ಯೆಗೆ ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು, ದೀರ್ಘಾವಧಿಯದಕ್ಕೆ ಎರಡು ವರ್ಷ ಸತತ ಕೆಲಸದಲ್ಲಿರಬೇಕು. ಆಗಾಗ ಬ್ರೇಕ್ ಕೊಟ್ಟು ಮತ್ತೆ ಸೇರಿಸಿಕೊಳ್ಳುವ ಗುತ್ತಿಗೆಯವರಿಗೆ ಈ ಎರಡು ವರ್ಷ ತುಂಬುವುದೇ ಕಷ್ಟ. ಕೆಲಸದ ಅಭದ್ರತೆಯಿಂದ ಮನಸ್ಸು ಕೆಟ್ಟವರಿಗೆ ಅದೇ ಅಭದ್ರತೆಯಿಂದಾಗಿ ಭತ್ಯೆಯೂ ತಪ್ಪುತ್ತದೆ.

ದೇಶದಲ್ಲೇ ಹೆಸರಾದ ನಿಮ್ಹಾನ್ಸ್ ಇದೇ ಊರಿನಲ್ಲಿದೆ. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ, ಕನ್ನಡದಲ್ಲೇ, ಪುಕ್ಕಟೆ ಮಾತಾಡಬಹುದು. ಬದುಕು ಸಾಕೆನಿಸುವಷ್ಟು ದಣಿದವರು ಮೊದಲು ಆ ಕರೆ ಮಾಡಬೇಕು, ಮನೆಯವರು ಮಾಡಿಸಬೇಕು. ಆದರೆ ಸಮಾಲೋಚನೆಗೆ ಒಂದು ಮಿತಿಯುಂಟು. ಸಂಬಳ ಆಗದ ಮನೆಯಲ್ಲಿ ಉಸಿರಾಟದ ವ್ಯಾಯಾಮ ಹೇಳಿಕೊಟ್ಟರೆ ಬಾಡಿಗೆ ತೀರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ ಕೆಲಸಗಾರನಿಗೆ ಸಲಹೆ ಕೊಡುವುದರ ಜೊತೆಗೆ ಕೆಲಸದ ಸ್ಥಿತಿಯನ್ನೂ ಬದಲಿಸಬೇಕು ಎಂದದ್ದು ಇದಕ್ಕೇ.

2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಎರಡೂ ಮುಖಗಳಿವೆ. ಎಲ್ಲರಿಗೂ ನೇಮಕಾತಿ ಪತ್ರ ಕಡ್ಡಾಯ, ನಿಗದಿತ ಅವಧಿಯ ನೌಕರರಿಗೆ ಒಂದೇ ವರ್ಷಕ್ಕೆ ಗ್ರಾಚ್ಯುಟಿ. ಇದು ಗಳಿಕೆ. ಜನರನ್ನು ತೆಗೆಯಲು, ಕಾರ್ಖಾನೆ ಮುಚ್ಚಲು ಸರ್ಕಾರದ ಅನುಮತಿ ಬೇಕಾದ ಮಿತಿ 100 ಕಾರ್ಮಿಕರಿಂದ 300ಕ್ಕೆ ಏರಿತು. ಪೀಣ್ಯ, ಕಾಮಾಕ್ಷಿಪಾಳ್ಯದ ಸಣ್ಣಪುಟ್ಟ ಶೆಡ್ಡುಗಳಿಗೆ ಹಳೆಯ ಮಿತಿಯೂ ಅನ್ವಯಿಸುತ್ತಿರಲಿಲ್ಲ. ಮಧ್ಯಮ ಗಾತ್ರದ ಕಾರ್ಖಾನೆಯವರಿಗೆ ಮಾತ್ರ ಇದ್ದ ರಕ್ಷಣೆ ಹೋಯಿತು.

ಏನು ಮಾಡಬೇಕು

ಎಲ್ಲ ಕೆಲಸವನ್ನೂ ಖಾಯಂ ಮಾಡಿ ಎಂದರೆ ಆಗದ ಮಾತು. ಆರ್ಡರ್ ಬಂದಾಗ ಕೆಲಸ, ಇಲ್ಲದಾಗ ಇಲ್ಲ ಎನ್ನುವ ಸಣ್ಣ ಉದ್ದಿಮೆದಾರನೂ ನಿದ್ದೆಗೆಟ್ಟವನೇ. ಆದರೆ ಅಭದ್ರತೆಯ ಕಹಿ ಕಡಿಮೆ ಮಾಡುವ ಕ್ರಮಗಳು ದುಬಾರಿಯವಲ್ಲ. ಕೆಲಸದಿಂದ ತೆಗೆಯುವ ಮೊದಲು ಲಿಖಿತ ಮುನ್ಸೂಚನೆ ಕೊಡಬೇಕು. ಸಂಬಳ ತಿಂಗಳ ಏಳನೇ ತಾರೀಖಿನೊಳಗೆ ಆಗಲೇಬೇಕು, ತಪ್ಪಿದರೆ ಮೂಲ ಸಂಸ್ಥೆಯೇ ಕೊಡಬೇಕು. ಗುತ್ತಿಗೆದಾರ ಬದಲಾದರೂ ಕೆಲಸಗಾರನ ಸೇವಾವಧಿ ಮುರಿಯಬಾರದು. ಇಎಸ್‌ಐ ಭತ್ಯೆಗೆ ಈ ಬ್ರೇಕ್‌ಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ಡಿಸ್ಪೆನ್ಸರಿಯಲ್ಲಿ ಸುಸ್ತು, ತಲೆನೋವು ಎಂದು ಬಂದವರನ್ನು 'ಕೆಲಸ ಹೇಗಿದೆಯಮ್ಮಾ?' ಎಂದು ಒಂದು ಮಾತು ಕೇಳಲು ವೈದ್ಯರಿಗೆ ತರಬೇತಿ ಕೊಡಬೇಕು. ಸಮೀಕ್ಷೆಗಳು ಮನೆಯಲ್ಲಿ ಕೂತು ದುಡಿಯುವ ಹೆಂಗಸರನ್ನು ಗೃಹಿಣಿ ಎಂದು ಬರೆದು ಕೈತೊಳೆದುಕೊಳ್ಳಬಾರದು.

ಕಾರ್ಮಿಕ ಇಲಾಖೆ ಒಂದು ಕಡೆ, ಆರೋಗ್ಯ ಇಲಾಖೆ ಇನ್ನೊಂದು ಕಡೆ ಮುಖ ಮಾಡಿ ಕೂತಿರುವವರೆಗೆ ಇದ್ಯಾವುದೂ ಆಗದು. ಹಾಜರಾತಿ ಪುಸ್ತಕದಲ್ಲಿ ಹೆಸರು, ಕೈಯಲ್ಲೊಂದು ನೇಮಕಾತಿ ಪತ್ರ, ತಪ್ಪದ ಸಂಬಳ: ಇವನ್ನು ಕಾರ್ಮಿಕ ಕಾನೂನಿನ ವಿಷಯ ಮಾತ್ರ ಎಂದುಕೊಂಡಿದ್ದೇವೆ. ಇವು ಸಾರ್ವಜನಿಕ ಆರೋಗ್ಯದ ವಿಷಯವೂ ಹೌದು. ದುಡಿಯುವವರ ಮನಸ್ಸಿನ ಚಿಕಿತ್ಸೆ ಅಲ್ಲಿಂದಲೇ ಶುರುವಾಗಬೇಕು.